ಆಟಿ ಮೇಳದಲ್ಲಿ ಮೊದಲು ಯಾವ ತಟ್ಟೆ?

ಮೊದಲ ಸಲ ಆಟಿ ತಿಂಗಳ ತಿಂಡಿ ಮೇಳಕ್ಕೆ ಹೋದಾಗ ಬಾಗಿಲಲ್ಲೇ ಕೋರಿ ರೊಟ್ಟಿಯ, ಅಂದರೆ ಕೋಳಿ ಸಾರು ಮತ್ತು ಗರಿಗರಿ ಅಕ್ಕಿ ರೊಟ್ಟಿಯ ಪರಿಮಳ ಬಂತು. ಕೂತುಬಿಟ್ಟೆ. ರೊಟ್ಟಿ ಮುಗಿದರೆ ಸಾರು ಉಳಿಯುತ್ತದೆ, ಸಾರು ಮುಗಿದರೆ ರೊಟ್ಟಿ. ಹೀಗೇ ಹಾಕಿಸಿಕೊಂಡು ಎದ್ದಾಗ ಹೊಟ್ಟೆಯಲ್ಲಿ ಜಾಗವೇ ಇರಲಿಲ್ಲ. ಒಳಗೆ ಕಣಿಲೆ (ಎಳೆ ಬಿದಿರು), ತಜಂಕ್ ಸೊಪ್ಪು, ಉಪ್ಪಡ್‌ಪಚ್ಚಿಲ್ (ಉಪ್ಪು ನೀರಲ್ಲಿಟ್ಟ ಹಲಸಿನ ಸೊಳೆ) ಎಲ್ಲ ಇತ್ತು. ಸುಮ್ನೆ ನೋಡಿಕೊಂಡು ಬಂದೆ. ಕೋರಿ ರೊಟ್ಟಿ ಮಂಗಳೂರಿನಲ್ಲಿ ವರ್ಷವಿಡೀ ಸಿಗುತ್ತದೆ, ಅಲ್ವಾ?

ಅಂದಿನಿಂದ ನನ್ನದು ಒಂದೇ ಲೆಕ್ಕ. ಹೋಟೆಲಿನಲ್ಲಿ ಸಿಗುವುದನ್ನು ಮೇಳದಲ್ಲಿ ತಿನ್ನುವುದಿಲ್ಲ. ನೀರ್‌ದೋಸೆ, ಗೋಳಿಬಜೆ, ಬನ್ಸ್, ಘೀ ರೋಸ್ಟ್ ಕಂಡರೆ ಮುಂದೆ ನಡೆಯಿರಿ.

ಆಟಿ ಅಂದರೆ ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗಿನ ತುಳು ತಿಂಗಳು. ಹಿಂದೆ ಮಳೆ ಬಿಡದೆ ಸುರಿಯುವಾಗ ಕೆಲಸವೂ ಇಲ್ಲ, ಮನೆಯಲ್ಲಿ ಅಕ್ಕಿಯೂ ಕಡಿಮೆ. ಗುಡ್ಡೆಯಲ್ಲಿ ಚಿಗುರಿದ ಸೊಪ್ಪು, ಬೇಸಿಗೆಯಲ್ಲಿ ಉಪ್ಪು ನೀರಿಗೆ ಹಾಕಿಟ್ಟ ಹಲಸಿನ ಸೊಳೆ, ಇದೇ ಊಟ. ಈಗ ಅದನ್ನೇ ದುಡ್ಡು ಕೊಟ್ಟು ತಿನ್ನುತ್ತೇವೆ. ನನ್ನ ಅಜ್ಜಿ ಇದ್ದಿದ್ದರೆ ನಗುತ್ತಿದ್ದರು.

ಹನ್ನೊಂದೂವರೆಗೆಲ್ಲ ಅಲ್ಲಿರಿ. ಮನೆಯಲ್ಲಿ ಮಾಡಿ ತರುವವರ ಪಾತ್ರೆ ಚಿಕ್ಕದು, ಊಟದ ಹೊತ್ತಿಗೆ ತಳ ಕಾಣುತ್ತದೆ. ಬೆಳಿಗ್ಗೆ ಒಂದು ಲೋಟ ಗಂಜಿ ಸಾಕು. ಕೊಡೆ ಮತ್ತು ಒಂದು ಸ್ಟೀಲ್ ಡಬ್ಬಿ ಮರೆಯಬೇಡಿ. ಮೂರು ಜನ ಹೋಗಿ, ಒಂದೇ ತಟ್ಟೆ ತೆಗೆದುಕೊಳ್ಳಿ. ಕಳೆದ ವರ್ಷ ಮೈಸೂರಿನಿಂದ ಬಂದಿದ್ದ ನಾದಿನಿಗೆ ಇದು ನಾಚಿಕೆ. "ಅತ್ತಿಗೆ, ನೋಡಿದವರು ಏನಂದ್ಕೋತಾರೆ?" ಅಂದಳು. ಮೂರನೇ ಅಂಗಡಿಗೆ ಬರುವಾಗ ನನ್ನ ಪಾಲಿಗೂ ಕೈ ಹಾಕಿದ್ದಳು. ಅವಳಿಗೆ ಎರಡು ತುಳು ಮಾತು ಕಲಿಸಿದ್ದೆ. "ಒಂತೆ ಪಾಡ್ಲೆ" ಅಂದರೆ ಸ್ವಲ್ಪ ಹಾಕಿ. "ಯಾವು" ಅಂದರೆ ಸಾಕು. ಎರಡನೆಯದನ್ನು ಜೋರಾಗಿ ಹೇಳಬೇಕು, ಇಲ್ಲದಿದ್ದರೆ ಬಡಿಸುವ ಕೈ ನಿಲ್ಲುವುದಿಲ್ಲ.

ಮೊದಲ ತಟ್ಟೆ ಪತ್ರೊಡೆಯದ್ದೇ ಆಗಲಿ. ಬಾಯಿ ಇನ್ನೂ ಖಾರಕ್ಕೆ ಸೋತಿರುವುದಿಲ್ಲ. ಕೆಸುವಿನ ಎಲೆಗೆ ಅಕ್ಕಿ ಹಿಟ್ಟು ಬಳಿದು, ಒಂದರ ಮೇಲೊಂದು ಇಟ್ಟು, ಸುತ್ತಿ ಹಬೆಯಲ್ಲಿ ಬೇಯಿಸುತ್ತಾರೆ. ಎಲೆಯಲ್ಲಿ ತುರಿಕೆ ಉಂಟು. ಅದನ್ನು ಹಿಡಿದಿಡುವುದು ಹಿಟ್ಟಿಗೆ ರುಬ್ಬಿದ ಹುಳಿ, ಮತ್ತೆ ಚೆನ್ನಾಗಿ ಬೇಯಿಸುವ ತಾಳ್ಮೆ. ಒಮ್ಮೆ ಒಂದು ಕಡೆ ಬಿಸಿಬಿಸಿ ಅಂತ ದೊಡ್ಡ ತುಂಡೇ ಬಾಯಿಗೆ ಹಾಕಿದೆ. ಸಂಜೆಯವರೆಗೆ ಗಂಟಲು ಕೆರೆಯುತ್ತಿತ್ತು, ಮಾರಾಯ್ರೆ! ಈಗ ಮೊದಲು ಉಗುರಿನಷ್ಟು ತಿಂದು ಒಂದು ನಿಮಿಷ ಕಾಯುತ್ತೇನೆ. ಕತ್ತರಿಸಿದ ತುಂಡನ್ನೂ ನೋಡಿ. ಎಲೆ ಮತ್ತು ಹಿಟ್ಟು ಸುರುಳಿ ಸುರುಳಿಯಾಗಿ ತೆಳ್ಳಗೆ ಕಾಣಬೇಕು. ಬರೀ ಹಿಟ್ಟಿನ ಮುದ್ದೆಯಾದರೆ ಅದು ಎಲೆ ಹಾಕಿದ ಕಡುಬು ಅಷ್ಟೇ. ಮರದ ಮೇಲೆ ಬೆಳೆಯುವ ಮರಕೆಸುವಿನದ್ದು ಸಿಕ್ಕರೆ ಬಿಡಬೇಡಿ.

ಆಮೇಲೆ ಕಣಿಲೆ. ಇದನ್ನು ತಿನ್ನುವ ಮೊದಲು ಮಾಡಿದವರನ್ನೇ ಕೇಳಿ: "ಅಕ್ಕಾ, ನೀರಲ್ಲಿ ಎಷ್ಟು ದಿನ ಹಾಕಿದ್ರಿ?" ಸಣ್ಣಗೆ ಹೆಚ್ಚಿ, ನೀರು ಬದಲಿಸುತ್ತಾ ಎರಡು ಮೂರು ದಿನ ಇಟ್ಟರೆ ಮಾತ್ರ ಕಹಿಯೂ ನಂಜೂ ಹೋಗುತ್ತದೆ. ಸರಿಯಾಗಿ ಮಾಡಿದವರು ಖುಷಿಯಲ್ಲಿ ಪೂರ್ತಿ ಕಥೆ ಹೇಳುತ್ತಾರೆ. ತಡವರಿಸಿದರೆ ನಾನು ಮುಂದಿನ ಅಂಗಡಿಗೆ ಹೋಗುತ್ತೇನೆ.

ಉಪ್ಪಡ್‌ಪಚ್ಚಿಲ್ ಪಲ್ಯ ಒಂದು ಚಮಚ ಸಾಕು, ಎಷ್ಟು ತೊಳೆದರೂ ಸೊಳೆಯಲ್ಲಿ ಉಪ್ಪು ಉಳಿದಿರುತ್ತದೆ. ತಜಂಕ್ ಸೊಪ್ಪಿನ ವಡೆ ಬಿಸಿ ಇದ್ದರೆ ಮಾತ್ರ.

ಮಟ್ಟುಗುಳ್ಳದ ಹುಳಿ ಅಂತ ಬೋರ್ಡ್ ಕಂಡರೆ ಸ್ವಲ್ಪ ನಿಲ್ಲಿ. ಉಡುಪಿ ಹತ್ತಿರದ ಮಟ್ಟುವಿನ ಈ ಗುಂಡು ಬದನೆಗೆ 2011ರಲ್ಲಿ ಜಿಐ, ಅಂದರೆ ಆ ಊರಿನದ್ದೇ ಬೆಳೆ ಎಂಬ ಗುರುತಿನ ಮಾನ್ಯತೆ ಸಿಕ್ಕಿದೆ. ಆದರೆ ಅದು ಮಳೆಗಾಲ ಕಳೆದ ಮೇಲೆ ನೆಡುವ ಬೆಳೆ. ಆಟಿಯಲ್ಲಿ ಎಲ್ಲಿಂದ ಬಂತು? ನಾನು ಕೇಳಿದಾಗ ಒಬ್ಬರು ನಕ್ಕು, "ಇದು ಬೇರೆ ಬದನೆ" ಅಂದರು. ರುಚಿ ಚೆನ್ನಾಗಿಯೇ ಇತ್ತು, ಬೋರ್ಡ್ ಮಾತ್ರ ಸುಳ್ಳು.

ಪಾಲೆ ಮರದ ತೊಗಟೆಯ ಕಷಾಯ ಮೇಳದ ಪದಾರ್ಥ ಅಲ್ಲ. ಅದನ್ನು ಆಟಿ ಅಮಾವಾಸ್ಯೆಯ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಕುಡಿಯುವುದು, ಆಮೇಲೆ ಮೆಂತೆ ಗಂಜಿ. ಮರದ ಗುರುತು ಗೊತ್ತಿಲ್ಲದವರು ತೊಗಟೆ ಕೆತ್ತಿ ತಂದಿದ್ದರೆ ಬೇಡವೇ ಬೇಡ.

ಕೊನೆಗೆ ಸಿಹಿ. ಅರಶಿನ ಎಲೆಯಲ್ಲಿ ಬೇಯಿಸಿದ ಹಲಸಿನ ಹಣ್ಣಿನ ಗಟ್ಟಿ, ಅಂದರೆ ಕಡುಬು. ಎಲೆಯನ್ನು ಕೂತಲ್ಲೇ ಬಿಡಿಸಿ, ಮೊದಲು ಆ ಹಬೆಯನ್ನು ಮೂಸಿ. ಅರ್ಧ ರುಚಿ ಅದರಲ್ಲೇ ಉಂಟು.

ಡಬ್ಬಿಗೆ ಪತ್ರೊಡೆ ಹಾಕಿಸಿಕೊಳ್ಳಿ. ಮರುದಿನ ಬೆಳಿಗ್ಗೆ ಕಾವಲಿಗೆ ತೆಂಗಿನೆಣ್ಣೆ ಬಿಟ್ಟು ಎರಡೂ ಬದಿ ಕೆಂಪಗೆ ಕಾಯಿಸಿದರೆ ನನಗೆ ಮೇಳದ್ದಕ್ಕಿಂತ ಅದೇ ಜಾಸ್ತಿ ಇಷ್ಟ. ಕಳೆದ ವರ್ಷ ಹಾಗೆ ಕಾಯಿಸಿದ ನಾಲ್ಕು ತುಂಡನ್ನು ನಾದಿನಿ ಮೈಸೂರಿಗೆ ಅಂತ ಕಟ್ಟಿಕೊಂಡಳು. ಬಸ್ಸು ಪುತ್ತೂರು ದಾಟುವ ಮೊದಲೇ ಮುಗಿಯಿತಂತೆ.