ಗರುಡ ಎರಗುವಾಗ ನಿಮ್ಮ ಎಡಗೈ ಎಲ್ಲಿರಬೇಕು?

ಕಾರವಾರದ ಕೋಡಿಬಾಗದಲ್ಲಿ, ಕಾಳಿ ನದಿ ಕಡಲು ಸೇರುವ ಕಡೆ, ರಜೆಯ ದಿನ ಬೆಳಿಗ್ಗೆ ಉದ್ದ ಲೆನ್ಸು ಹೊತ್ತ ಇಬ್ಬರಾದರೂ ಸಿಗುತ್ತಾರೆ. ಗರುಡ ನೀರಿಗೆರಗಿ ಮೀನೆತ್ತಿಕೊಂಡು ಹೋಗುತ್ತದೆ, ಶಟರ್ ಪಟಪಟನೆ ಓಡುತ್ತದೆ, ಪರದೆಯಲ್ಲಿ ನೋಡಿದರೆ ಕಂದು ಮಸಿ. ಬೈಗುಳ ಲೆನ್ಸಿಗೆ. ತಪ್ಪು ಎಡಗೈಯದು.

ಸೆಟ್ಟಿಂಗ್ ಬೇಗ ಮುಗಿಸಿ: ಶಟರ್ ವೇಗ 1/2000 ಸೆಕೆಂಡ್, ಅಪರ್ಚರ್ (ಲೆನ್ಸಿನೊಳಗೆ ಬೆಳಕು ಬಿಡುವ ಕಿಂಡಿ) ಪೂರ್ತಿ ತೆರೆದಿರಲಿ, ಐಎಸ್ಒ (ಬೆಳಕಿಗೆ ಕ್ಯಾಮೆರಾ ಸ್ಪಂದಿಸುವ ಮಟ್ಟ) ಆಟೊ, ಫೋಕಸ್ ನಿರಂತರ. ಸ್ಟೆಬಿಲೈಸರ್ ನಿಮ್ಮ ಕೈನಡುಕ ತಡೆದೀತು, ಹಕ್ಕಿಯ ರೆಕ್ಕೆಯನ್ನಲ್ಲ. ಅದನ್ನು ನಂಬಿ ವೇಗ ಇಳಿಸಬೇಡಿ.

ಇನ್ನು ಹಿಡಿತ. 150–600 ಎಂಎಂ ಲೆನ್ಸು ಸುಮಾರು ಎರಡು ಕಿಲೋ ತೂಗುತ್ತದೆ. ಹೆಚ್ಚಿನವರು ಎಡ ಅಂಗೈಯನ್ನು ಕ್ಯಾಮೆರಾದ ಬುಡಕ್ಕೆ ಕೊಡುತ್ತಾರೆ. ಆಗ ಮೂತಿ ಜೋಲುತ್ತದೆ, ಅದನ್ನೆತ್ತಲು ಬಲಗೈ ಹೆಣಗುತ್ತದೆ, ಗುಂಡಿ ಒತ್ತಬೇಕಾದ ಬೆರಳೂ ಅದೇ ಕೈಯದು! ಅಂಗೈ ಮೇಲ್ಮುಖವಾಗಿಟ್ಟು ಲೆನ್ಸಿನ ಅಡಿಯಲ್ಲಿ ಮುಂದಕ್ಕೆ ಸರಿಸುತ್ತ ಹೋಗಿ. ಬಲಗೈ ಸಡಿಲಿಸಿದರೂ ತಕ್ಕಡಿ ದಂಡದಂತೆ ಸಮನಾಗಿ ನಿಲ್ಲುವ ಒಂದು ಜಾಗ ಸಿಗುತ್ತದೆ. ಅಲ್ಲಿಂದ ಎರಡು ಬೆರಳು ಮುಂದೆ ಹಿಡಿಯಿರಿ. ಲೆನ್ಸಿನಡಿಯ ಟ್ರೈಪಾಡ್ ಕಾಲು (ಟ್ರೈಪಾಡಿಗೆ ಕೂರಿಸುವ ಪಟ್ಟಿ) ಅಡ್ಡ ಬಂದರೆ ಮೇಲಕ್ಕೆ ತಿರುಗಿಸಿ. ಮೊಣಕೈ ಪಕ್ಕೆಗೆ ಆತಿರಲಿ, ಕ್ಯಾಮೆರಾ ಹುಬ್ಬಿಗೆ ಒತ್ತಿರಲಿ, ಎಡಗಾಲು ಅರ್ಧ ಹೆಜ್ಜೆ ಮುಂದಿರಲಿ. ಹಕ್ಕಿಯ ಜೊತೆ ತಿರುಗಬೇಕಾದದ್ದು ಸೊಂಟ, ತೋಳಲ್ಲ.

ಗರುಡ ದೂರದಲ್ಲಿರುವಾಗಲೇ 300 ಎಂಎಂನಲ್ಲಿ ಹಿಡಿದು, ಆಮೇಲೆ 600ಕ್ಕೆ ಹೋಗಿ. ನೇರ 600ರಲ್ಲಿ ಹುಡುಕಿದರೆ ಬರೀ ಆಕಾಶ ಸಿಗುತ್ತದೆ. ಗುಂಡಿ ಬಿಟ್ಟ ಮೇಲೂ ಒಂದು ಕ್ಷಣ ಹಕ್ಕಿಯ ಬೆನ್ನು ಬಿಡಬೇಡಿ. ಕ್ಲಿಕ್ಕಿನೊಂದಿಗೇ ಕೈ ನಿಲ್ಲಿಸುವ ಚಾಳಿಯಿಂದಲೇ ಕೊನೆಯ ಚಿತ್ರಗಳು ಕೆಡುವುದು.

ಗರುಡನ ತಲೆ, ಎದೆ ಅಚ್ಚ ಬಿಳಿ, ಉಳಿದದ್ದು ಇಟ್ಟಿಗೆಗೆಂಪು. ಹಿಂದೆ ಬೆಳ್ಳಗಿನ ಆಕಾಶವಿದ್ದರೆ ಎಕ್ಸ್‌ಪೋಶರ್ (ಚಿತ್ರದ ಬೆಳಕು) ಒಂದು ಸ್ಟಾಪ್, ಅಂದರೆ ಎರಡರಷ್ಟಕ್ಕೆ, ಏರಿಸಿ. ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಕಪ್ಪು ನೆರಳಿದ್ದರೆ ಅರ್ಧ ಸ್ಟಾಪಿಗಿಂತ ತುಸು ಹೆಚ್ಚು ಇಳಿಸಿ, ಇಲ್ಲವಾದರೆ ಎದೆ ಸುಣ್ಣ ಬಳಿದಂತೆ ಬರುತ್ತದೆ.

ಅಗ್ಗದ ಯುವಿ ಫಿಲ್ಟರ್ ಬೇಡವೇ ಬೇಡ; ನನ್ನ ಒಂದಿಡೀ ಚಳಿಗಾಲ ಅದರಿಂದ ಮಂಕಾಯಿತು. ಲೆನ್ಸಿನ ಮೂತಿಗೆ ಸಿಕ್ಕಿಸುವ ಹುಡ್ ಸಾಕು. ಮೀನಿನ ಕರುಳೆಸೆದು ಹಕ್ಕಿ ಕರೆಯುವ ಅಡ್ಡದಾರಿಯೂ ಬೇಡ. ರಂಪಣಿ ಬಲೆ ದಡಕ್ಕೆ ಬರುವ ತನಕ ಕಾಯಿರಿ, ಗರುಡಗಳೇ ಬರುತ್ತವೆ. ಹಾಗೆಯೇ, ಅರಗಾ ಕಡೆ ಹೋದರೆ ನೌಕಾನೆಲೆಯತ್ತ ಲೆನ್ಸು ಎತ್ತಬೇಡಿ.

ಬಿಸಿಲೇರಿ ಮರಳಿನ ಮೇಲೆ ಗಾಳಿ ಕುದಿಯತೊಡಗಿದರೆ ಎಷ್ಟು ದುಬಾರಿ ಲೆನ್ಸಾದರೂ ಅಷ್ಟೇ, ಮನೆಗೆ ಹೊರಡಿ. ಒದ್ದೆ ಬಟ್ಟೆಯಲ್ಲಿ ಲೆನ್ಸಿನ ಮೈಯ ಉಪ್ಪು ಒರೆಸಿ, ಒಣಬಟ್ಟೆಯಲ್ಲಿ ಇನ್ನೊಮ್ಮೆ.