ಡ್ರ್ಯಾಗ್‌ಗೆ ಅಂಬಾಸಿಡರ್: ಹಿಂದಿನ ಕಮಾನ್ ಹೀಗೆ ಕಟ್ಟಿ

ಬಳ್ಳಾರಿಯಲ್ಲಿ ಯಾರ ಹತ್ತಿರವಾದರೂ ಇಸುಜು 1800 ಎಂಜಿನ್‌ನ ಹಳೇ ಅಂಬಾಸಿಡರ್ ಇದೆ ಅಂದರೆ ಸಾಕು, ಡ್ರ್ಯಾಗ್ (ನೇರ ದಾರಿಯಲ್ಲಿ 402 ಮೀಟರ್, ಅಂದರೆ ಕಾಲು ಮೈಲಿ ಓಟದ ಪಂದ್ಯ) ಮಾತು ಶುರು. ಮೊದಲು ಮಾಡುವ ತಪ್ಪೂ ಒಂದೇ. ಅದಿರು ಲಾರಿಯ ಹಳೇ ಪಟ್ಟಿ ಎರಡು ತಂದು ಹಿಂದಿನ ಕಮಾನಿಗೆ, ಅಂದರೆ ಉಕ್ಕಿನ ಪಟ್ಟಿ ಒಂದರ ಮೇಲೊಂದು ಜೋಡಿಸಿದ ಸ್ಪ್ರಿಂಗಿಗೆ, ಸೇರಿಸುತ್ತಾರೆ. ಬೇಡ. ಕಾರು ಗೂಟದ ಹಾಗೆ ಬಿಗಿದುಕೊಳ್ಳುತ್ತದೆ, ಕ್ಲಚ್ ಬಿಟ್ಟ ಕೂಡಲೇ ಹಿಂದಿನ ಗಾಲಿ ಕಪ್ಪೆ ಥರ ಕುಪ್ಪಳಿಸುತ್ತದೆ. ನಾನೂ ಹೀಗೇ ಮಾಡಿ ಎರಡು ಯುಜೆ ಕ್ರಾಸ್ (ಗೇರ್‌ಬಾಕ್ಸ್‌ನಿಂದ ಹಿಂದಕ್ಕೆ ಶಕ್ತಿ ಒಯ್ಯುವ ಪ್ರೊಪೆಲರ್ ಶಾಫ್ಟ್‌ನ ಕೀಲು) ಮುರಿದುಕೊಂಡಿದ್ದೇನೆ.

ಕಮಾನ್ ಮೆತ್ತಗಿರುವುದಲ್ಲ ತೊಂದರೆ, ಅದು ತಿರುಚಿಕೊಳ್ಳುವುದು. ಗಾಲಿ ಮುಂದಕ್ಕೆ ತಿರುಗಿದಾಗ ಹೌಸಿಂಗ್ (ಹಿಂದಿನ ಆಕ್ಸಲ್‌ನ ಕವಚ) ಎದುರು ದಿಕ್ಕಿಗೆ ತಿರುಗಲು ನೋಡುತ್ತದೆ. ಪಿನಿಯನ್ ಮೂತಿ (ಶಾಫ್ಟ್ ಬಂದು ಸೇರುವ ಹೌಸಿಂಗ್‌ನ ಮುಂಭಾಗ) ಮೇಲೇಳುತ್ತದೆ, ಪಟ್ಟಿ ಹಾವಿನಂತೆ ಬಳುಕುತ್ತದೆ. ಬಳುಕಿದ್ದು ಸಡಿಲವಾದಾಗ ಗಾಲಿ ಹಾರುತ್ತದೆ.

ಮೊದಲು ಕೆಂಪು ಧೂಳು ತೊಳೆದು, ಸವೆದ ಬುಷ್, ಶಾಕಲ್ (ಕಮಾನಿನ ತುದಿಯ ಕೊಂಡಿ) ಬದಲಿಸಿ. ಎಣ್ಣೆ ಸೋರುವ ಶಾಕ್ ಅಬ್ಸಾರ್ಬರ್ ಬಿಸಾಕಿ. ಬಣ್ಣ ಹೊಡೆದು 'ರೀಕಂಡೀಷನ್' ಅಂತ ಮಾರುವುದನ್ನು ಪುಕ್ಕಟೆ ಕೊಟ್ಟರೂ ತರಬೇಡಿ.

ಆಮೇಲೆ ಕ್ಲಿಪ್. ಹೌಸಿಂಗ್‌ನಿಂದ ಮುಂದಿನ ಅರ್ಧದ ಪಟ್ಟಿಗಳನ್ನು ಕ್ಲಿಪ್ ಹಾಕಿ ಬಿಗಿಯಾಗಿ ಹಿಡಿಸಿ. ಹಿಂದಿನ ಅರ್ಧ ಸಡಿಲ ಇರಲಿ. ಮುಂದಿನದು ತಿರುಚನ್ನು ತಡೆಯುತ್ತದೆ, ಹಿಂದಿನದು ಬಾಗಿ ಭಾರ ಹೊರುತ್ತದೆ.

ಇನ್ನು ಎಲ್ಲರೂ ಎಡವುವ ಜಾಗ, ಪಿನಿಯನ್ ಕೋನ, ಅಂದರೆ ಶಾಫ್ಟ್‌ಗೂ ಪಿನಿಯನ್‌ಗೂ ನಡುವಿನ ಕೋನ. ಜಾಕ್ ಮೇಲೆ ಎತ್ತಿ, ಹೌಸಿಂಗ್ ಜೋತಾಡುವಾಗ ಅಳೆಯುತ್ತಾರೆ. ಆ ಅಳತೆ ಸುಳ್ಳು. ಕಾರು ಸಮತಟ್ಟು ನೆಲದಲ್ಲಿ ತನ್ನ ಗಾಲಿಗಳ ಮೇಲೇ ನಿಲ್ಲಬೇಕು, ಎಡಬಲದ ಟೈರಿನ ಗಾಳಿ ಸಮ ಇರಬೇಕು, ಡ್ರೈವರ್ ತೂಕವೂ ಇರಬೇಕು. ನಾನು ಸೀಟಿನ ಮೇಲೆ 25 ಕೆಜಿಯ ಸೋನಾ ಮಸೂರಿ ಚೀಲ ಮೂರು ಇಡುತ್ತೇನೆ. ಫೋನಿನ ಲೆವೆಲ್ ಆ್ಯಪ್ ಸಾಕು. ಒಮ್ಮೆ ಪ್ರೊಪೆಲರ್ ಶಾಫ್ಟ್ ಮೇಲೆ, ಒಮ್ಮೆ ಪಿನಿಯನ್ ಫ್ಲ್ಯಾಂಜ್ (ಶಾಫ್ಟ್ ಬೋಲ್ಟ್ ಆಗುವ ತಟ್ಟೆ) ಮುಖಕ್ಕೆ ಆನಿಸಿ ನೋಡಿ. ಫ್ಲ್ಯಾಂಜ್ ಮುಖ ಪಿನಿಯನ್‌ಗೆ ಅಡ್ಡ ಇರುತ್ತದೆ, ಲೆಕ್ಕದಲ್ಲಿ 90 ಡಿಗ್ರಿ ಕಳೆಯುವುದು ಮರೆಯಬೇಡಿ. ಎರಡೂ ಒಂದೇ ನೇರದಲ್ಲಿದ್ದರೆ ಸೊನ್ನೆ. ಡ್ರ್ಯಾಗ್‌ಗೆ ಮೂತಿ ಆ ನೇರದಿಂದ 5 ಡಿಗ್ರಿ ಆಸುಪಾಸು ಕೆಳಗಿರಲಿ. ಓಟದಲ್ಲಿ ಮೇಲೆದ್ದು ನೇರಕ್ಕೆ ಬರುತ್ತದೆ. ದಿನಾ ಓಡಿಸುವ ಗಾಡಿಗೆ 2 ಸಾಕು, ಜಾಸ್ತಿ ಆದರೆ ನಡುಕ ಬಂದು ಕ್ರಾಸ್ ಸವೆಯುತ್ತದೆ.

ಕೋನ ಬದಲಿಸಲು ಪಟ್ಟಿಗೂ ಹೌಸಿಂಗ್‌ಗೂ ನಡುವೆ ಬೆಣೆ ಹಾಕಬೇಕು. ಪಟ್ಟಿ ಹೌಸಿಂಗ್‌ನ ಕೆಳಗಿದ್ದರೆ ಬೆಣೆಯ ದಪ್ಪ ಬದಿ ಹಿಂದಕ್ಕೆ. ಮೇಲಿದ್ದರೆ ಮುಂದಕ್ಕೆ. ಉಲ್ಟಾ ಹಾಕಿ ಮೂತಿಯನ್ನು ಇನ್ನೂ ಮೇಲೆತ್ತಿದವರನ್ನು ಕಣ್ಣಾರೆ ಕಂಡಿದ್ದೇನೆ. ಕಬ್ಬಿಣದ ಬೆಣೆಯೇ ಬೇಕು, ಅಲ್ಯೂಮಿನಿಯಂ ಜಜ್ಜಿಹೋಗುತ್ತದೆ. ಪಟ್ಟಿಗಳನ್ನು ನಡುವಲ್ಲಿ ಹಿಡಿಯುವ ಸೆಂಟರ್ ಬೋಲ್ಟ್ ಉದ್ದದ್ದು ತನ್ನಿ. ಅದರ ತಲೆ ಬೆಣೆ ದಾಟಿ, ಹೌಸಿಂಗ್‌ನಲ್ಲಿ ಪಟ್ಟಿ ಕೂರುವ ಸೀಟಿನ ತೂತಿನಲ್ಲಿ ಕೂರದಿದ್ದರೆ ಹೌಸಿಂಗ್ ಜಾರುತ್ತದೆ. ಬೆಣೆಯನ್ನು ಪಟ್ಟಿಗೆ ವೆಲ್ಡಿಂಗ್ ಮಾತ್ರ ಮಾಡಿಸಬೇಡಿ. ಕಾದ ಪಟ್ಟಿ ಅಲ್ಲೇ ಮುರಿಯುತ್ತದೆ.

ಕೊನೆಗೆ, ತಿರುಚು ತಡೆಯಲು ಟ್ರ್ಯಾಕ್ಷನ್ ಬಾರ್. ಹೌಸಿಂಗ್ ಕೆಳಗೆ ಕಟ್ಟಿದ ಸರಳು ಮುಂದಕ್ಕೆ ಚಾಚಿ, ಅದರ ತುದಿಯ ರಬ್ಬರ್ ಕಮಾನಿನ ಮುಂದಿನ ಕಣ್ಣಿನ (ಬೋಲ್ಟ್ ಹೋಗುವ ಸುರುಳಿ) ಕೆಳಗೇ ಬರಬೇಕು. ಪಟ್ಟಿಯ ನಡುವಿಗೆ ತಾಗಿದರೆ ಪಟ್ಟಿಯೇ ಬಾಗುತ್ತದೆ. ಎಡಗಡೆ ಒಂದು ಬೆರಳು ಸಂದು ಬಿಡಿ, ಬಲಗಡೆ ಅದಕ್ಕಿಂತ ಕಡಿಮೆ. ಹೊರಡುವಾಗ ಶಾಫ್ಟ್‌ನ ತಿರುಚು ಹಿಂದಿನ ಬಲಗಡೆಯ ಗಾಲಿಯನ್ನು ಹಗುರ ಮಾಡುತ್ತದೆ. ನಮ್ಮಲ್ಲಿ ಡ್ರೈವರ್ ಕೂರುವುದೂ ಬಲಕ್ಕೇ ಅಲ್ವಾ, ಅದೊಂದು ಅನುಕೂಲ.

ಓಡಿಸುವುದು ಅನುಮತಿ ಇರುವ ಟ್ರ್ಯಾಕಿನಲ್ಲಿ, ಹೆಲ್ಮೆಟ್ ಹಾಕಿಕೊಂಡು. ಹೊಸಪೇಟೆ ಹೆದ್ದಾರಿಯಲ್ಲಿ ಅಲ್ಲ. ಕಮಾನನ್ನು ಹೌಸಿಂಗ್‌ಗೆ ಬಿಗಿಯುವ ಯು ಬೋಲ್ಟ್ ಹೊಸದೇ ಹಾಕಿ, ನಟ್ಟಿನ ಮೇಲೆ ಸೀಮೆಸುಣ್ಣದ ಗೆರೆ ಎಳೆಯಿರಿ. ಮೊದಲ 402 ಮೀಟರ್ ಓಡಿ ಬಂದ ಮೇಲೆ ಕೆಳಗೆ ಬಗ್ಗಿ ನೋಡಿ. ಗೆರೆ ಜರುಗಿದ್ದರೆ ಮತ್ತೆ ಬಿಗಿಯಿರಿ.