ಹೆಸರು ಮರೆತ ಚಿತ್ರಪುಸ್ತಕವನ್ನು ಹುಡುಕುವ ಬಗೆ

ಚಿಕ್ಕಂದಿನಲ್ಲಿ ಪುಟ ಹರಿಯುವವರೆಗೂ ನೋಡಿದ ಚಿತ್ರಪುಸ್ತಕದ ಹೆಸರು ಬಹಳ ಮಂದಿಗೆ ನೆನಪಿರುವುದಿಲ್ಲ. ಓದಲು ಬರುವ ಮುಂಚೆಯೇ ಕೈಗೆ ಸಿಕ್ಕ ಪುಸ್ತಕ ಅದು. ಆಗ ಕಣ್ಣಿಗೆ ಬಿದ್ದದ್ದು ಚಿತ್ರ, ಕಿವಿಗೆ ಬಿದ್ದದ್ದು ಓದಿ ಹೇಳಿದವರ ದನಿ. ಆದ್ದರಿಂದ ಹುಡುಕಾಟ ಚಿತ್ರದಿಂದಲೇ ಶುರುವಾಗಬೇಕು.

ಕಂಪ್ಯೂಟರ್ ಮುಟ್ಟುವ ಮೊದಲು ಒಂದು ಹಾಳೆ ತೆಗೆದುಕೊಂಡು ನೆನಪಿರುವುದನ್ನೆಲ್ಲ ಬರೆದಿಡಿ. ಬೇರೆ ಬೇರೆ ಪುಸ್ತಕಗಳ ಚಿತ್ರ ನೋಡುತ್ತಾ ಹೋದರೆ ಅವು ನಿಮ್ಮ ನೆನಪಿನೊಳಗೆ ಸೇರಿಕೊಂಡುಬಿಡುತ್ತವೆ. ಆಮೇಲೆ ಯಾವುದು ಅಸಲಿ ಎಂದು ಬಿಡಿಸುವುದು ಕಷ್ಟ. ಖಚಿತವಾಗಿ ಗೊತ್ತಿರುವುದು ಒಂದು ಕಡೆ, ಇರಬಹುದು ಅನಿಸುವುದು ಇನ್ನೊಂದು ಕಡೆ ಇರಲಿ. ಪುಸ್ತಕ ಅಡ್ಡಲಾಗಿತ್ತೋ ಉದ್ದಕ್ಕಿತ್ತೋ ಚೌಕವೋ, ರಟ್ಟು ಗಟ್ಟಿಯೋ ತೆಳುವೋ, ನಡುವೆ ಪಿನ್ ಇತ್ತೋ ದಾರದ ಹೊಲಿಗೆಯೋ, ಅಕ್ಷರ ಚಿತ್ರದ ಕೆಳಗಿತ್ತೋ ಚಿತ್ರದ ಮೇಲೆಯೇ ಇತ್ತೋ, ಎಲ್ಲವೂ ಬೇಕು. ಒಂದು ಜೋಡಿಪುಟ ಬಣ್ಣದ್ದು, ಮುಂದಿನದು ಕಪ್ಪುಬಿಳುಪು ಎಂದು ಸರದಿಯಾಗಿ ಬರುತ್ತಿತ್ತೇ? ಹಾಗಿದ್ದರೆ ಅದು ಒಳ್ಳೆಯ ಸುಳಿವು. ಖರ್ಚು ಉಳಿಸಲು ದೊಡ್ಡ ಹಾಳೆಯ ಒಂದೇ ಮಗ್ಗುಲಿಗೆ ಬಣ್ಣ ಹಾಕುತ್ತಿದ್ದ ಕಾಲದ ಮುದ್ರಣ ಹಾಗಿರುತ್ತಿತ್ತು.

ನೆನಪಿನಲ್ಲಿ ಎಲ್ಲವನ್ನೂ ಸಮನಾಗಿ ನಂಬಬೇಡಿ. ಪಾತ್ರಗಳ ಹೆಸರು ಅಷ್ಟು ನಂಬಿಕೆಗೆ ಅರ್ಹವಲ್ಲ, ಏಕೆಂದರೆ ಓದಿ ಹೇಳುವ ದೊಡ್ಡವರು ಮಗುವಿಗೆ ಹತ್ತಿರದ ಹೆಸರನ್ನು ತಾವೇ ಇಟ್ಟಿರುತ್ತಾರೆ. ಕಥೆಯ ಕೊನೆಯೂ ಹಾಗೆಯೇ. ಮಗುವಿಗೆ ನಿದ್ದೆ ಬಂದ ದಿನ ಅದು ಬದಲಾಗಿರುತ್ತದೆ. ಕಥೆಗೆ ಸಂಬಂಧವೇ ಇಲ್ಲದ ಸಣ್ಣ ವಿವರವನ್ನು ಮಾತ್ರ ಗಟ್ಟಿಯಾಗಿ ಹಿಡಿಯಿರಿ: ಇಲಿಯ ಮನೆಯಲ್ಲಿ ಬಾಗಿಲ ಹಿಂದೆ ನೇತಾಡುತ್ತಿದ್ದ ಕೊಡೆ, ಕರಡಿಯ ಒಂದೇ ಕಾಲಿಗಿದ್ದ ಕಾಲುಚೀಲ. ಅಂಥದ್ದನ್ನು ಯಾರೂ ಹೇಳಿಕೊಟ್ಟಿರುವುದಿಲ್ಲ, ನೀವೇ ಕಂಡದ್ದು. ಬಣ್ಣದ ನೆನಪು ನಡುವಿನದು. ಬಿಸಿಲು ತಾಗಿದ ಪ್ರತಿಯಲ್ಲಿ ಸಾಮಾನ್ಯವಾಗಿ ಕೆಂಪು, ಹಳದಿ ಶಾಯಿ ಮೊದಲು ಮಾಸಿ ನೀಲಿ ಉಳಿಯುತ್ತದೆ. 'ನೀಲಿ ಪುಸ್ತಕ' ಹೊಸದಿದ್ದಾಗ ಹಸಿರೋ ನೇರಳೆಯೋ ಆಗಿದ್ದಿರಬಹುದು.

ಕಾಲ ಗುರುತಿಸುವಾಗ ಮೇಲಿನ ಮಿತಿ ಮಾತ್ರ ಖಚಿತ. 1984ರಲ್ಲಿ ನೋಡಿದ ಪುಸ್ತಕ 1985ರದ್ದಾಗಿರಲಾರದು, ಆದರೆ 1960ರದ್ದಾಗಿರಬಹುದು. ಅಕ್ಕ ಅಣ್ಣಂದಿರಿಂದ, ಶಾಲೆಯ ಕಪಾಟಿನಿಂದ ಬಂದ ಪ್ರತಿಗೆ ಎಷ್ಟು ವಯಸ್ಸಾದರೂ ಆಗಿರುತ್ತದೆ. ಶೋಧದಲ್ಲಿ ವರ್ಷದ ಮಿತಿ ಹಾಕುವಾಗ ಹಿಂದಕ್ಕೆ ಕನಿಷ್ಠ 25 ವರ್ಷ ಬಿಡಿ.

ಈಗ ವರ್ಲ್ಡ್‌ಕ್ಯಾಟ್, ಓಪನ್ ಲೈಬ್ರರಿ, ಇಂಟರ್ನೆಟ್ ಆರ್ಕೈವ್ ಎಂಬ, ಪುಸ್ತಕ ಹುಡುಕಬಹುದಾದ ಜಾಲತಾಣಗಳಿಗೆ ಹೋಗಿ. ಗ್ರಂಥಾಲಯದವರು ಮಕ್ಕಳ ಕಥೆಗಳನ್ನು ವಿಷಯದ ಮೇಲೆ ವಿಂಗಡಿಸಿರುತ್ತಾರೆ. ಇಂಗ್ಲಿಷ್ ಕ್ಯಾಟಲಾಗ್‌ಗಳಲ್ಲಿ ಪ್ರಾಣಿಯ ಅಥವಾ ವಸ್ತುವಿನ ಹೆಸರಿನ ನಂತರ 'ಜುವೆನೈಲ್ ಫಿಕ್ಷನ್' (ಮಕ್ಕಳ ಕಥೆ) ಎಂದು ಸೇರಿಸಿ ವಿಷಯದ ಅಂಕಣದಲ್ಲಿ ಹುಡುಕಿದರೆ ಸಾವಿರಾರು ಪುಸ್ತಕಗಳ ರಾಶಿ ಬೇಗ ಕರಗುತ್ತದೆ. ಯಾವುದೋ ಪುಸ್ತಕದ ಚಿತ್ರಶೈಲಿ ಪರಿಚಿತ ಅನಿಸಿದರೆ, ಕಥೆ ಬೇರೆಯಾಗಿದ್ದರೂ ಅದನ್ನು ಬಿಡಬೇಡಿ. ಚಿತ್ರಕಾರರ ಹೆಸರು ಹಿಡಿದು ಅವರು ಮಾಡಿದ್ದನ್ನೆಲ್ಲ ನೋಡಿ. ಹೆಚ್ಚಿನವರು ಲೇಖಕರ ಹೆಸರಿನ ಬೆನ್ನು ಹತ್ತಿ ಸೋಲುತ್ತಾರೆ.

ನೀವು ಓದಿದ ಭಾಷೆಯಲ್ಲಿ ಸಿಗಲಿಲ್ಲವೆಂದು ಕೈಬಿಡುವುದು ಇನ್ನೊಂದು ದೊಡ್ಡ ತಪ್ಪು. ಚಿತ್ರಪುಸ್ತಕಗಳನ್ನು ಹಲವು ಭಾಷೆಗಳಿಗೆ ಒಟ್ಟಿಗೇ ಮುದ್ರಿಸುವ ಪದ್ಧತಿಯಿದೆ: ಬಣ್ಣದ ಪ್ಲೇಟುಗಳು (ಮುದ್ರಣದ ಅಚ್ಚುಗಳು) ಅವೇ, ಅಕ್ಷರವಿರುವ ಕಪ್ಪು ಪ್ಲೇಟ್ ಮಾತ್ರ ಭಾಷೆಗೊಂದು. ಹಾಗಾಗಿ ಚಿತ್ರ ಒಂದೇ ಇದ್ದು ಶೀರ್ಷಿಕೆ ಗುರುತೇ ಸಿಗದಷ್ಟು ಬೇರೆಯಾಗಿರಬಹುದು. ಒಂದು ಪುಟದ ಫೋಟೊ ಕೈಗೆ ಸಿಕ್ಕಿತೆಂದರೆ, ಅದನ್ನೇ ಕೊಟ್ಟು ಚಿತ್ರದ ಮೂಲಕ ಹುಡುಕುವ ಸೌಲಭ್ಯ ಆಗ ಉಪಯೋಗಕ್ಕೆ ಬರುತ್ತದೆ. ನೆನಪಿನಿಂದ ಬರೆದ ಗೀಚು ಚಿತ್ರಕ್ಕೆ ಅದು ಸರಿಯಾದ ಉತ್ತರ ಕೊಡುವುದು ಅಪರೂಪ.

ಮಕ್ಕಳ ವಿಭಾಗದ ಗ್ರಂಥಪಾಲಕರನ್ನು ಕೇಳುವುದಾದರೆ ನಾಲ್ಕು ಸಾಲು ಸಾಕು: ಯಾವ ವರ್ಷ ನೋಡಿದ್ದು, ಯಾವ ಭಾಷೆ, ಪುಸ್ತಕದ ಆಕಾರ, ಮರೆಯಲಾಗದ ಒಂದು ಚಿತ್ರ.

ಪುಸ್ತಕದ ಹೆಸರು ಗೊತ್ತಾಗಿ ಹಳೆಯ ಪ್ರತಿ ಕೊಳ್ಳುವ ಮೊದಲು ಮಾರುವವರಿಂದ ಮುಖಪುಟ, ಪ್ರಕಾಶನ ವಿವರದ ಪುಟ, ನಡುವಿನ ಜೋಡಿಪುಟ, ಬೆನ್ನು, ಇಷ್ಟರ ಫೋಟೊ ಕೇಳಿ. ಬರೀ ಮುಖಪುಟ ನೋಡಿ ಕೊಂಡರೆ ಮೋಸ ಹೋಗುವ ಸಾಧ್ಯತೆಯೇ ಹೆಚ್ಚು, ಏಕೆಂದರೆ ಮರುಮುದ್ರಣದಲ್ಲಿ ಅಳತೆ ಕುಗ್ಗಿರುತ್ತದೆ, ಚಿತ್ರದ ಅಂಚು ಕತ್ತರಿಸಿಹೋಗಿರುತ್ತದೆ, ಕೆಲವೊಮ್ಮೆ ಬೇರೊಬ್ಬರು ಹೊಸದಾಗಿ ಚಿತ್ರ ಬರೆದಿರುತ್ತಾರೆ. ಪುಟ ಎಣಿಸಲು ಹೇಳಿ. ಚಿತ್ರಪುಸ್ತಕ ಸಾಮಾನ್ಯವಾಗಿ 32 ಪುಟ. ದೊಡ್ಡ ಹಾಳೆ ಮಡಿಚಿದರೆ 16 ಪುಟ ಬರುವುದರಿಂದ ಆ ಲೆಕ್ಕ. 30 ಎಂದರೆ ಒಂದು ಎಲೆ ಕಳೆದಿರಬಹುದು. ದಪ್ಪ ರಟ್ಟಿನ ಪುಟಗಳ ಆವೃತ್ತಿಯಲ್ಲಿ ಕಥೆಯನ್ನೇ ಮೊಟಕು ಮಾಡಿರುವುದುಂಟು. ಪ್ರಕಾಶನ ಪುಟದಲ್ಲಿ 1ರಿಂದ 10ರವರೆಗಿನ ಅಂಕಿಗಳ ಸಾಲಿದ್ದರೆ ಅದರಲ್ಲಿ ಉಳಿದಿರುವ ಅತಿ ಚಿಕ್ಕ ಅಂಕಿ ಮುದ್ರಣದ ಸಂಖ್ಯೆ. 2007ಕ್ಕೆ ಮುಂಚಿನ ಐಎಸ್‌ಬಿಎನ್ (ಪುಸ್ತಕದ ಗುರುತಿನ ಸಂಖ್ಯೆ) 10 ಅಂಕಿಯದು. ಅದಕ್ಕೆ 13 ಅಂಕಿಯ ರೂಪ ಬೇಕಾದರೆ ಆರಂಭದಲ್ಲಿ 978 ಸೇರಿಸಿದರಷ್ಟೇ ಸಾಲದು, ಕೊನೆಯ ಅಂಕಿಯನ್ನು ಹೊಸದಾಗಿ ಲೆಕ್ಕ ಹಾಕಬೇಕು. 1970ಕ್ಕೂ ಹಿಂದಿನ ಪುಸ್ತಕದಲ್ಲಿ ಆ ಸಂಖ್ಯೆಯೇ ಇಲ್ಲದಿದ್ದರೆ ಗಾಬರಿಯಾಗಬೇಡಿ.

ಪುಸ್ತಕ ಬಂದ ದಿನವೇ ಉಳಿದ ಪುಸ್ತಕಗಳ ಜೊತೆ ಇಡಬೇಡಿ. ಹುಳ ಇರುವ ಅನುಮಾನವಿದ್ದರೆ, ಪ್ಲಾಸ್ಟಿಕ್ ಚೀಲದಲ್ಲಿ ಗಾಳಿ ತೆಗೆದು ಮುಚ್ಚಿ, ಮೈನಸ್ 20 ಡಿಗ್ರಿ ಮುಟ್ಟುವ ಫ್ರೀಜರ್‌ನಲ್ಲಿ ಒಂದು ವಾರ ಇಡಿ. ಹೊರತೆಗೆದ ಮೇಲೆ 24 ಗಂಟೆ ಚೀಲ ಬಿಚ್ಚಬಾರದು. ಬಿಚ್ಚಿದರೆ ತಣ್ಣಗಿನ ಕಾಗದದ ಮೇಲೆ ಗಾಳಿಯ ತೇವ ನೀರಾಗಿ ಕೂರುತ್ತದೆ. ಬೂಷ್ಟಿದ್ದರೆ ಒಣಗಿದ ಮೇಲಷ್ಟೇ, ಮನೆಯ ಹೊರಗೆ, ಮೆತ್ತನೆಯ ಬ್ರಷ್‌ನಿಂದ ಉಜ್ಜದೆ ಸವರಿ. ಮುಖಕ್ಕೆ ಮಾಸ್ಕ್ ಇರಲಿ. ಹರಿದ ಪುಟಕ್ಕೆ ಸೆಲ್ಲೋಟೇಪ್ ಹಚ್ಚಲೇಬಾರದು. ಅದರ ಅಂಟು ಕಾಗದದೊಳಗೆ ಇಳಿದು ಹಳದಿಯಾಗಿ, ಟೇಪ್ ಕಳಚಿ ಬಿದ್ದರೂ ಕಲೆ ಉಳಿಯುತ್ತದೆ. ತೆಳುವಾದ ಜಪಾನಿ ಟಿಶ್ಯೂ ಕಾಗದ ಮತ್ತು ಗೋಧಿ ಪಿಷ್ಟದ ಅಂಟು ಬಳಸಿದರೆ ಮುಂದೆ ನೀರು ತಾಗಿಸಿ ಬಿಡಿಸಬಹುದು.

ಹಿಂದಿನ ಮಗು ಪೆನ್ಸಿಲ್‌ನಲ್ಲಿ ಗೀಚಿದ್ದನ್ನು ಅಳಿಸಲು ಹೋಗಬೇಡಿ. ಒರಟು ಕಾಗದದಲ್ಲಿ ರಬ್ಬರ್ ಉಜ್ಜಿದರೆ ಗೀಚಿನ ಜೊತೆಗೆ ಚಿತ್ರದ ಬಣ್ಣವೂ ಎದ್ದು ಬರುತ್ತದೆ.